ವಾಲ್ಯೂಮ್ ಕಾಪಿ ಫೇಲ್ ಆಯ್ತಾ? ರೀ-ಕಾಪಿ ಒತ್ತುವ ಮುಂಚೆ ಇದನ್ನು ನೋಡಿ

ಮೊದಲೇ ಹೇಳಿಬಿಡುತ್ತೇನೆ. ಸ್ಟೋರೇಜ್ ಅರೇಯಲ್ಲಿ (ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿದ ಪೆಟ್ಟಿಗೆ) ವಾಲ್ಯೂಮ್ ಕಾಪಿ, ಅಂದರೆ ಒಂದು ಇಡೀ ವಾಲ್ಯೂಮನ್ನು (ಅರೇಯಲ್ಲಿ ಬೇರೆ ಮಾಡಿಟ್ಟ ಡಿಸ್ಕ್ ಜಾಗ) ಇನ್ನೊಂದಕ್ಕೆ ನಕಲು ಮಾಡುವ ಕೆಲಸ, ಫೇಲ್ ಅಂತ ಕೆಂಪು ಗುರುತು ಕಂಡ ಕೂಡಲೇ ಕೈ ಸೀದಾ ರೀ-ಕಾಪಿ ಬಟನ್ ಕಡೆ ಹೋಗುತ್ತದಲ್ಲ, ಅದನ್ನು ತಡೆಯಿರಿ. ಸ್ವಲ್ಪ ಹೊತ್ತು ಏನನ್ನೂ ಒತ್ತಬೇಡಿ. ಬಹಳ ಸಲ ತೊಂದರೆ ಇರುವುದು ಕಾಪಿಯಲ್ಲಲ್ಲ. ಸೋರ್ಸ್ ವಾಲ್ಯೂಮಿನ (ನಕಲಾಗುತ್ತಿರುವ ಮೂಲದ) ಅಡಿಯಲ್ಲಿರುವ ಯಾವುದೋ ಡಿಸ್ಕ್ ತಿಂಗಳುಗಳಿಂದ ಹಾಳಾಗುತ್ತಾ ಬಂದಿದೆ, ಅದು ಇವತ್ತು ನಿಮ್ಮ ಕಣ್ಣಿಗೆ ಬಿತ್ತು, ಅಷ್ಟೆ.

ಯಾಕೆ ಹೀಗೆ ಅಂದರೆ, ದಿನದ ಕೆಲಸದಲ್ಲಿ ಸರ್ವರ್ ಓದುವುದು ಕೇಳಿದ ಫೈಲುಗಳನ್ನು ಮಾತ್ರ. ಹಳೆಯ ಬಿಲ್ಲು, ಬಿಟ್ಟುಹೋದವರ ಫೋಲ್ಡರ್, ಯಾರೋ ಇಳಿಸಿಟ್ಟು ಮರೆತ ಫೋಟೋಗಳು, ಇವನ್ನು ಯಾರೂ ವರ್ಷಗಟ್ಟಲೆ ಮುಟ್ಟಿರುವುದಿಲ್ಲ. ವಾಲ್ಯೂಮ್ ಕಾಪಿಗೆ ಆ ಭೇದವಿಲ್ಲ. ಮೊದಲ ಬ್ಲಾಕಿನಿಂದ ಕೊನೆಯ ಬ್ಲಾಕಿನ ತನಕ, ಖಾಲಿ ಜಾಗವನ್ನೂ ಬಿಡದೆ, ಎಲ್ಲವನ್ನೂ ಓದುತ್ತದೆ. ಮೂಲೆಯಲ್ಲಿ ಒಂದು ಕೆಟ್ಟ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು ಜಾಗ) ಇದ್ದರೂ ಅಲ್ಲಿಗೆ ಹೋಗಿ ಎಡವುತ್ತದೆ.

ಈಗ ರೀ-ಕಾಪಿ ಒತ್ತಿದರೆ ಏನಾಗುತ್ತದೆ? ಟಾರ್ಗೆಟ್‌ನಲ್ಲಿ, ಅಂದರೆ ನಕಲು ಹೋಗಿ ಸೇರುವ ವಾಲ್ಯೂಮಿನಲ್ಲಿ, ಅಲ್ಲಿಯ ತನಕ ಸರಿಯಾಗಿ ಬಂದಿದ್ದ ಡೇಟಾ ಮೇಲೆ ಮತ್ತೆ ಮೊದಲಿನಿಂದ ಬರೆಯಲು ಶುರುವಾಗುತ್ತದೆ. ಸೋರ್ಸ್ ಪೂರ್ತಿ ಕೈಕೊಟ್ಟರೆ ನಿಮಗೆ ಉಳಿಯುತ್ತಿದ್ದದ್ದು ಆ ಅರೆಬರೆ ಪ್ರತಿಯೇ ಆಗಿರಬಹುದು, ಅದೂ ಹೋಯಿತು. ಜೊತೆಗೆ, ಮೊದಲೇ ಸುಸ್ತಾಗಿರುವ ಡಿಸ್ಕಿಗೆ ಇನ್ನೊಂದು ರಾತ್ರಿಯ ಓದು ಹೇರಿದಂತಾಯಿತು.

ನಮ್ಮ ಮೈಸೂರು, ಮಂಡ್ಯ ಕಡೆ ಸಣ್ಣ ಆಫೀಸು, ಸ್ಕ್ಯಾನಿಂಗ್ ಸೆಂಟರ್, ಕಾಲೇಜು, ಸೊಸೈಟಿಗಳಲ್ಲಿ ಇರುವ ಅರೇಗಳು ಹೆಚ್ಚಾಗಿ ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟವು. ವಾರಂಟಿ ಮುಗಿದಿರುತ್ತದೆ, ಸಪೋರ್ಟ್ ಕಾಂಟ್ರಾಕ್ಟ್ ಇರುವುದಿಲ್ಲ, ಕಂಪ್ಯೂಟರ್ ಗೊತ್ತಿರುವ ಒಬ್ಬ ಹುಡುಗ ಇರುತ್ತಾನೆ. ಇದನ್ನು ಬರೆಯುತ್ತಿರುವುದು ಆ ಹುಡುಗನಿಗೆ.

ಮಂಡ್ಯದ ಒಂದು ಸ್ಕ್ಯಾನಿಂಗ್ ಸೆಂಟರಿನಿಂದ ಅಂಥ ಒಬ್ಬ ಫೋನ್ ಮಾಡಿದ್ದ. "ಸಾರ್, 63 ಪರ್ಸೆಂಟ್‌ಗೆ ಬಂದು ನಿಂತ್ಕಂಡದೆ, ಕೆಂಪಗೆ ಉರೀತಾ ಅದೆ. ಇನ್ನೊಂದ್ ಸಲ ಒತ್ತಿ ಬುಡ್ಲಾ?"

"ಬೇಡ ಕಣಪ್ಪ. ಇದಕ್ಕೂ ಮುಂಚೆ ಒತ್ತಿದ್ಯಾ?"

"ನಿನ್ನೆನೂ ಒತ್ತಿದ್ದೆ ಸಾರ್. ಅವಾಗ್ಲೂ 63ಕ್ಕೇ ನಿಂತಿತ್ತು."

ಆ ಕೊನೆಯ ಮಾತಿನಲ್ಲೇ ಮುಕ್ಕಾಲು ಉತ್ತರ ಇತ್ತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಜವಾಗಿ ಫೇಲ್ ಆಗಿದೆಯಾ?

ಕೇಳಲು ತಮಾಷೆ ಅನಿಸಬಹುದು, ಆದರೆ ನೋಡಿ. ಡೆಲ್ ಎಂಡಿ 3000, ಐಬಿಎಂ ಡಿಎಸ್ 3000/4000/5000, ನೆಟ್‌ಆಪ್ ಇ-ಸೀರೀಸ್ ಒಂದೇ ಕುಲದ ಅರೇಗಳು. ಅವುಗಳಲ್ಲಿ ಕಾಪಿಗೆ ಐದು ಸ್ಥಿತಿ: ನಡೆಯುತ್ತಿದೆ, ಸರದಿಯಲ್ಲಿದೆ, ಮುಗಿದಿದೆ, ನಿಲ್ಲಿಸಲಾಗಿದೆ, ಫೇಲ್. ಏಕಕಾಲಕ್ಕೆ 8 ಕಾಪಿ ಮಾತ್ರ ಓಡುತ್ತವೆ, ಒಂಬತ್ತನೆಯದು ಸರದಿಯಲ್ಲಿ ಕೂರುತ್ತದೆ. ಅದು ಕದಲುತ್ತಿಲ್ಲ ಅಂದರೆ ಕೆಟ್ಟಿದೆ ಅಂತಲ್ಲ. ನಿಲ್ಲಿಸಲಾಗಿದೆ ಅಂತ ಇದ್ದರೆ ಯಾರೋ ಕೈಯಾರೆ ನಿಲ್ಲಿಸಿದ್ದಾರೆ, ಡೇ ಶಿಫ್ಟಿನವರನ್ನು ಕೇಳಿ.

ಇನ್ನು ಕೆಲವರು ನಿಧಾನವಾಗಿರುವುದನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ. 2 ಟಿಬಿ ವಾಲ್ಯೂಮ್, ಸೆಕೆಂಡಿಗೆ 100 ಎಂಬಿ ವೇಗ ಅಂದರೆ 20,000 ಸೆಕೆಂಡ್, ಅಂದರೆ ಐದೂವರೆ ಗಂಟೆ. ಕಾಪಿಯ ಪ್ರಯಾರಿಟಿ ಕೆಳಗಿಟ್ಟು, ಆ ಹೊತ್ತಿನಲ್ಲೇ ಆಫೀಸಿನವರೆಲ್ಲ ಕೆಲಸ ಮಾಡುತ್ತಿದ್ದರೆ ಅದು ಇಡೀ ದಿನವೂ ಆಗಬಹುದು. ಅರೇಯನ್ನು ನಡೆಸುವ ಕಂಟ್ರೋಲರಿನ ಕ್ಯಾಶ್ ಬ್ಯಾಟರಿ ಸತ್ತಿದ್ದರೆ ರೈಟ್ ಕ್ಯಾಶ್ (ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಮೆಮೊರಿ) ಆಫ್ ಆಗಿ ಇನ್ನೂ ನಿಧಾನ.

ನಿಜವಾಗಿಯೂ ಫೇಲ್ ಅಂತ ಖಚಿತವಾದರೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ಎಷ್ಟು ಪರ್ಸೆಂಟ್‌ಗೆ ನಿಂತಿತ್ತು ಅಂತ ಬರೆದಿಟ್ಟುಕೊಳ್ಳಿ, ಮತ್ತು ಅರೇಯ ಸಪೋರ್ಟ್ ಲಾಗನ್ನು ಪೂರ್ತಿ ಇಳಿಸಿ ಅರೇಯಿಂದ ಹೊರಗೆ, ಬೇರೆ ಮೆಷಿನ್‌ನಲ್ಲಿ ಇಡಿ. ಲಾಗ್‌ಗಳು ಹಳೆಯದಾದಂತೆ ಅಳಿಸಿಹೋಗುತ್ತವೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಎರಡನೆಯದು: ಡೇಟಾ ಎಲ್ಲಿದೆ ಅಂತ ಕೇಳಿಕೊಳ್ಳಿ

ಸೋರ್ಸ್‌ನಲ್ಲಿರುವ ಮುಖ್ಯ ಫೈಲುಗಳಿಗೆ ಬೇರೆ ಬ್ಯಾಕಪ್ ಇದೆಯಾ? ಇಲ್ಲವಾದರೆ ಉಳಿದದ್ದೆಲ್ಲ ಆಮೇಲೆ. ಈಗಲೇ ಫೈಲ್ ಮಟ್ಟದಲ್ಲಿ ಮುಖ್ಯವಾದವನ್ನು ಮೊದಲು ತೆಗೆಯಿರಿ: ಟ್ಯಾಲಿ ಡೇಟಾ, ಡೇಟಾಬೇಸ್ ಡಂಪ್, ರೋಗಿಗಳ ವರದಿಗಳು. ಒಂದು ಯುಎಸ್‌ಬಿ ಡಿಸ್ಕಿಗಾದರೂ ಸರಿ. ಫೈಲ್ ಕಾಪಿ ಬಳಕೆಯಲ್ಲಿರುವ ಬ್ಲಾಕುಗಳನ್ನಷ್ಟೇ ಓದುವುದರಿಂದ ವಾಲ್ಯೂಮ್ ಕಾಪಿ ಬಿದ್ದಲ್ಲಿ ಇದು ದಾಟಿಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಂದೆರಡು ಫೈಲ್ ಓದಲು ಬರದಿದ್ದರೆ ಅವುಗಳ ಹೆಸರು ಬರೆದುಕೊಂಡು ಮುಂದೆ ಹೋಗಿ, ಅಲ್ಲೇ ನಿಂತು ಜಗಳ ಆಡಬೇಡಿ.

ಮೂರನೆಯದು: ಲಾಗ್ ಓದುವುದು

ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಕೆಲಸದ ಜೀವಾಳ ಇದೇ.

ಆ ಕುಲದ ಅರೇಗಳಲ್ಲಿ ಕಾಪಿ ಫೇಲ್ ಆಗಲು ಮೂರೇ ಕಾರಣ. ಸೋರ್ಸ್‌ನಿಂದ ಓದಲು ಆಗಲಿಲ್ಲ, ಟಾರ್ಗೆಟ್‌ಗೆ ಬರೆಯಲು ಆಗಲಿಲ್ಲ, ಅಥವಾ ಅರೇಯಲ್ಲೇ ಏನೋ ಕೆಟ್ಟು ಇವೆರಡರಲ್ಲಿ ಒಂದಕ್ಕೆ ಪೆಟ್ಟು ಬಿತ್ತು. ಬೇರೆ ಕಂಪನಿಯ ಅರೇಗಳಲ್ಲೂ ಮಾತು ಬೇರೆ ಇರಬಹುದು, ವಿಷಯ ಇದೇ. ಇವುಗಳಲ್ಲಿ ಯಾವುದು ಅಂತ ಹೇಳುವುದು ಈವೆಂಟ್ ಲಾಗ್. ಮೇಲೆ ಕಾಣುವ "ಕಾಪಿ ಫೇಲ್" ಎಂಬ ಕ್ರಿಟಿಕಲ್ ಸಾಲನ್ನು ಬಿಟ್ಟು ಅದಕ್ಕಿಂತ ಹಿಂದಿನ ಐದು ನಿಮಿಷದಲ್ಲಿ ಏನು ಬಿದ್ದಿದೆ ನೋಡಿ. ಕಾಪಿ ಫೇಲ್ ಅನ್ನುವುದು ಕೊನೆಯ ಸಾಲು. ಕಾರಣ ಯಾವಾಗಲೂ ಅದರ ಹಿಂದಿನ ಸಾಲುಗಳಲ್ಲಿ ಇರುತ್ತದೆ.

ಸಮಯದ ವಿಷಯದಲ್ಲಿ ಹುಷಾರು. ಎಷ್ಟೋ ಅರೇಗಳ ಗಡಿಯಾರ ಯುಟಿಸಿಯಲ್ಲೇ (ಅಂತರರಾಷ್ಟ್ರೀಯ ಸಮಯ) ಓಡುತ್ತಿರುತ್ತದೆ, ಸರ್ವರ್ ನಮ್ಮ ಸಮಯದಲ್ಲಿರುತ್ತದೆ. ನಡುವೆ 5 ಗಂಟೆ 30 ನಿಮಿಷ ವ್ಯತ್ಯಾಸ. ರಾತ್ರಿ 2 ಗಂಟೆಗೆ ನಡೆದದ್ದು ಅರೇ ಲಾಗ್‌ನಲ್ಲಿ ಹಿಂದಿನ ದಿನದ ರಾತ್ರಿ 8:30 ಅಂತ ಇರುತ್ತದೆ. ಇದನ್ನು ಗಮನಿಸದೆ "ಆ ಹೊತ್ತಲ್ಲಿ ಲಾಗ್ ಖಾಲಿ ಇದೆ" ಅಂತ ತಲೆ ಕೆಡಿಸಿಕೊಳ್ಳುವವರು ಬಹಳ ಜನ.

ಸಾಲುಗಳಲ್ಲಿ ಸೆನ್ಸ್ ಕೀ ಅಂತ ಒಂದು ಅಂಕಿ ಇರುತ್ತದೆ. ಇದು ಸ್ಕಸಿ ಡಿಸ್ಕುಗಳೆಲ್ಲ ಮಾತಾಡುವ ಸಾಮಾನ್ಯ ಭಾಷೆ, ಯಾವ ಕಂಪನಿಯದಾದರೂ ಒಂದೇ. 3 ಅಂದರೆ ಮೀಡಿಯಂ ಎರರ್, ಡಿಸ್ಕಿನೊಳಗಿನ ತಟ್ಟೆಯ ಮೇಲೆ ಆ ಜಾಗವೇ ಕೆಟ್ಟಿದೆ. ಜೊತೆಗೆ 11/00 ಅಂತ ಇದ್ದರೆ ಎಷ್ಟು ಪ್ರಯತ್ನಪಟ್ಟರೂ ಓದಲಾಗಲಿಲ್ಲ ಎಂದರ್ಥ. 4 ಅಂದರೆ ಡಿಸ್ಕಿನ ಹಾರ್ಡ್‌ವೇರೇ ಕೈಕೊಟ್ಟಿದೆ. 2 ಅಂದರೆ ಡಿಸ್ಕ್ ತಯಾರಿಲ್ಲ, ತಿರುಗುತ್ತಿಲ್ಲದೆ ಇರಬಹುದು. 7 ಕಂಡರೆ ಬರೆಯಲು ಅನುಮತಿ ಇಲ್ಲ, ಅಂದರೆ ಟಾರ್ಗೆಟ್ ಎಲ್ಲೋ ರೀಡ್-ಓನ್ಲಿ ಆಗಿದೆ. ಬಿ (B ಅಕ್ಷರ) ಅಂದರೆ ಕಮಾಂಡ್ ಅರ್ಧದಲ್ಲಿ ಕೈಬಿಟ್ಟಿತು, ಕೇಬಲ್ ಅಥವಾ ದಾರಿಯ ಮೇಲೆ ಅನುಮಾನ. 6 ಸಾಮಾನ್ಯವಾಗಿ ರೀಸೆಟ್ ಆದಾಗ ಬರುವ ಸೂಚನೆ. ಒಂಟಿಯಾಗಿ ಬಂದರೆ ಬಿಡಿ, ಗೊಂಚಲಾಗಿ ಬಂದರೆ ಕಂಟ್ರೋಲರ್ ಪದೇ ಪದೇ ರೀಸೆಟ್ ಆಗುತ್ತಿದೆಯಾ ನೋಡಿ. 1 ಎಂದರೆ ಎರರ್ ಬಂದು ಡಿಸ್ಕೇ ಸರಿಮಾಡಿಕೊಂಡಿತು. ಒಂದೇ ಡಿಸ್ಕಿನ ಹೆಸರಲ್ಲಿ ಇವು ರಾಶಿ ಬಿದ್ದಿದ್ದರೆ ಆ ಡಿಸ್ಕಿನ ದಿನ ಹತ್ತಿರ ಬಂದಿದೆ ಅಂತಲೇ ತಿಳಿಯಿರಿ.

ಅರೇ ಬದಲು ಲಿನಕ್ಸ್ ಸರ್ವರಿನಲ್ಲೇ ರೇಡ್ (ಹಲವು ಡಿಸ್ಕುಗಳನ್ನು ಒಂದು ಗುಂಪಾಗಿ ಕಟ್ಟುವುದು) ಮಾಡಿಕೊಂಡವರಿಗೂ ಇದೇ ಅಂಕಿಗಳು ಡಿಮೆಸ್ಗ್ (dmesg) ಕಮಾಂಡಿನಲ್ಲಿ ಸಿಗುತ್ತವೆ. ಅವರು ಸ್ಮಾರ್ಟ್ ಮೌಲ್ಯಗಳನ್ನೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಬೇಕು. ಸಾಟಾ ಡಿಸ್ಕಿನಲ್ಲಿ 5 ಸಂಖ್ಯೆಯ ಸಾಲು ಈಗಾಗಲೇ ಬದಲಾಯಿಸಿದ ಸೆಕ್ಟರ್‌ಗಳು, 197 ಓದಲಾಗದೆ ಕಾದಿರುವವು, 198 ಪರೀಕ್ಷೆಯಲ್ಲಿ ಸರಿಹೋಗದವು, 199 ಕೇಬಲ್ಲಿನ ಎರರ್. 197 ಸೊನ್ನೆಗಿಂತ ಜಾಸ್ತಿ ಇದ್ದರೆ ಕಾಪಿ ಎಲ್ಲಿ ಎಡವಿತು ಅಂತ ಮತ್ತೆ ಹುಡುಕುವ ಅಗತ್ಯ ಅಷ್ಟಾಗಿ ಇರುವುದಿಲ್ಲ. 199 ಮಾತ್ರ ಏರುತ್ತಿದ್ದರೆ ಸದ್ಯಕ್ಕೆ ಡಿಸ್ಕನ್ನು ಬೈಯಬೇಡಿ, ಕೇಬಲ್ ಬದಲಾಯಿಸಿ ನೋಡಿ. ಸ್ಯಾಸ್ ಡಿಸ್ಕಿನಲ್ಲಿ ಈ ಸಾಲುಗಳು ಇರುವುದಿಲ್ಲ, ಅಲ್ಲಿ ನೋಡಬೇಕಾದ್ದು ಗ್ರೋನ್ ಡಿಫೆಕ್ಟ್ ಪಟ್ಟಿ, ಅಂದರೆ ಬಳಸುತ್ತಾ ಕೆಟ್ಟ ಜಾಗಗಳ ಲೆಕ್ಕ.

ನಾಲ್ಕನೆಯದು: ಒಂದೇ ಜಾಗವಾ, ಬೇರೆ ಬೇರೆಯಾ?

63ರ ವಿಷಯಕ್ಕೆ ಈಗ ಬರೋಣ. ಎರಡು ಸಲವೂ ಒಂದೇ ಪರ್ಸೆಂಟ್‌ಗೆ, ಒಂದೇ ಬ್ಲಾಕ್ ಸಂಖ್ಯೆಯ ಆಸುಪಾಸಿಗೆ ನಿಂತಿದೆ ಅಂದರೆ ತೊಂದರೆ ಆ ಜಾಗದಲ್ಲಿದೆ. ಕೆಟ್ಟ ಸೆಕ್ಟರ್ ಎದ್ದು ಬೇರೆ ಕಡೆ ನಡೆದುಕೊಂಡು ಹೋಗುವುದಿಲ್ಲ. ಒಮ್ಮೆ 20ಕ್ಕೆ, ಇನ್ನೊಮ್ಮೆ 81ಕ್ಕೆ ನಿಂತರೆ ಡಿಸ್ಕಿಗಿಂತ ಹೊರಗೆ ನೋಡಿ: ಕೇಬಲ್, ಪವರ್, ಬಿಸಿ, ಕಂಟ್ರೋಲರ್, ಸ್ನ್ಯಾಪ್‌ಶಾಟ್ (ವಾಲ್ಯೂಮ್ ಒಂದು ಕ್ಷಣದಲ್ಲಿ ಹೇಗಿತ್ತೋ ಅದರ ಚಿತ್ರ). ಆದರೆ ಈ ಪರೀಕ್ಷೆಗೋಸ್ಕರ ಬೇಕು ಅಂತಲೇ ಇನ್ನೊಂದು ಕಾಪಿ ಹಾಕಬೇಡಿ. ಯಾರಾದರೂ ಈಗಾಗಲೇ ಎರಡನೇ ಸಲ ಒತ್ತಿದ್ದರೆ ಆ ಮಾಹಿತಿ ಉಪಯೋಗಿಸಿಕೊಳ್ಳಿ, ಇಲ್ಲದಿದ್ದರೆ ಲಾಗಿನ ಬ್ಲಾಕ್ ಸಂಖ್ಯೆ ಸಾಕು.

ಸೋರ್ಸ್ ಕಡೆ ಕೆಟ್ಟಿದ್ದರೆ

ಒಂದು ಡಿಸ್ಕಿನಲ್ಲಿ ಒಂದು ಸೆಕ್ಟರ್ ಕೆಟ್ಟರೆ, ಒಂದು ಡಿಸ್ಕ್ ಹೋದರೂ ಉಳಿದವುಗಳಿಂದ ಡೇಟಾ ಕಟ್ಟಿಕೊಡುವ ರೇಡ್ 5 ಯಾಕೆ ಕಾಪಾಡಲಿಲ್ಲ ಅಂತ ನೀವು ಕೇಳಬಹುದು. ಕಾಪಾಡುತ್ತದೆ, ಉಳಿದ ಡಿಸ್ಕುಗಳೆಲ್ಲ ಸರಿ ಇದ್ದರೆ. ಕಾಪಿ ಫೇಲ್ ಆಯಿತು ಎಂದರೆ ಹೆಚ್ಚಾಗಿ ಆ ಗುಂಪಿನಲ್ಲಿ ಒಂದು ಡಿಸ್ಕ್ ಮೊದಲೇ ಹೋಗಿತ್ತು, ಯಾರೂ ಗಮನಿಸಿರಲಿಲ್ಲ. ಅಲಾರಂ ಹೊಡೆದಿರುತ್ತದೆ, ಸದ್ದು ಜಾಸ್ತಿ ಅಂತ ಯಾರೋ ಮ್ಯೂಟ್ ಮಾಡಿರುತ್ತಾರೆ. ಒಂದು ಡಿಸ್ಕ್ ಇಲ್ಲ, ಇನ್ನೊಂದರಲ್ಲಿ ಕೆಟ್ಟ ಸೆಕ್ಟರ್. ಆ ಜಾಗದ ಡೇಟಾ ಕಟ್ಟಿಕೊಡಲು ರೇಡ್ 5ಗೆ ದಾರಿಯೇ ಇಲ್ಲ. ರೇಡ್ 6 ಆಗಿದ್ದರೆ ಇನ್ನೊಂದು ಪ್ಯಾರಿಟಿ (ಕಳೆದ ಡೇಟಾವನ್ನು ಲೆಕ್ಕ ಹಾಕಿ ಕಟ್ಟಲು ಇಡುವ ಮಾಹಿತಿ) ಉಳಿದಿರುತ್ತಿತ್ತು.

ದೊಡ್ಡ ಡಿಸ್ಕುಗಳಲ್ಲಿ ಈ ಅಪಾಯ ಜಾಸ್ತಿ. ಮನೆಬಳಕೆಯ ಸಾಟಾ ಡಿಸ್ಕಿನ ಸ್ಪೆಸಿಫಿಕೇಶನ್‌ನಲ್ಲಿ ಸಾಮಾನ್ಯವಾಗಿ ಬರೆದಿರುವುದು 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ಓದಲಾಗದ ಎರರ್ ಬರಬಹುದು ಅಂತ. ಅದು ಸುಮಾರು 12.5 ಟಿಬಿ. ಎಂಟರ್‌ಪ್ರೈಸ್ ಡಿಸ್ಕಿನಲ್ಲಿ ಇದು ಹತ್ತು ಪಟ್ಟು ದೂರ. ಲೆಕ್ಕದಲ್ಲಿ ಹೇಳಿದಷ್ಟು ಸಲ ನಿಜವಾಗಿ ಕೆಡುವುದಿಲ್ಲ, ಆದರೂ 8 ಟಿಬಿ ಮನೆಬಳಕೆ ಡಿಸ್ಕುಗಳನ್ನು ರೇಡ್ 5ಗೆ ಹಾಕಿ ನಿಶ್ಚಿಂತೆಯಿಂದ ಇರುವವರ ಧೈರ್ಯಕ್ಕೆ ಕೈ ಮುಗಿಯಬೇಕು.

ಮಾಡಬೇಕಾದ್ದು ಈ ಕ್ರಮದಲ್ಲಿ. ಗುಂಪು ಡಿಗ್ರೇಡೆಡ್ ಆಗಿದ್ದರೆ (ಡಿಸ್ಕ್ ಕಳೆದುಕೊಂಡು ಓಡುತ್ತಿದ್ದರೆ), ಮುಖ್ಯ ಫೈಲು ಹೊರಗೆ ತೆಗೆದಾದ ಮೇಲೆ, ಪೂರ್ತಿ ಸತ್ತ ಡಿಸ್ಕನ್ನು ಬದಲಾಯಿಸಿ ರೀಬಿಲ್ಡ್ ಆಗಲು, ಅಂದರೆ ಹೊಸ ಡಿಸ್ಕಿಗೆ ಡೇಟಾ ಮತ್ತೆ ಕಟ್ಟಿಕೊಳ್ಳಲು, ಬಿಡಿ. ಎರಡು ಡಿಸ್ಕ್ ಒಟ್ಟಿಗೆ ಎಳೆಯಬೇಡಿ, ಎಳೆಯುವ ಮುಂಚೆ ಸ್ಲಾಟ್ ನಂಬರನ್ನು ಇನ್ನೊಬ್ಬರ ಹತ್ತಿರ ಜೋರಾಗಿ ಓದಿಸಿ. ಡಿಸ್ಕ್ ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುತ್ತೀರಿ, ಸರಿ. ಆದರೆ ಬಂದದ್ದನ್ನು ಸೀದಾ ಅರೇಗೆ ತುರುಕಬೇಡಿ. ಬೇರೆ ಮೆಷಿನ್‌ಗೆ ಹಾಕಿ ದೀರ್ಘ ಸ್ಮಾರ್ಟ್ ಪರೀಕ್ಷೆ ಒಂದು ಓಡಿಸಿ. ಹಳೆಯ ಡಿಸ್ಕಿನ ಗಂಟೆ ಲೆಕ್ಕ ಸೊನ್ನೆ ಮಾಡಿ ಹೊಸದು ಅಂತ ಮಾರುವುದೂ ಉಂಟು.

ರೀಬಿಲ್ಡ್ ಕೂಡ ಅದೇ ಕೆಟ್ಟ ಜಾಗದಲ್ಲಿ ಎಡವುತ್ತದೆ ಅಲ್ವಾ? ಹೌದು, ಎಡವಬಹುದು. ಕೆಲವು ಕಂಟ್ರೋಲರ್‌ಗಳು ಆ ಬ್ಲಾಕನ್ನು ಓದಲಾಗದ್ದು ಅಂತ ಗುರುತು ಹಾಕಿ ಮುಂದುವರಿಯುತ್ತವೆ, ಕೆಲವು ಕೈಚೆಲ್ಲುತ್ತವೆ. ಕೈಚೆಲ್ಲಿದರೆ ಅರೇಯ ವಾಲ್ಯೂಮ್ ಕಾಪಿಯನ್ನು ಮರೆತುಬಿಡಿ. ಸರ್ವರ್ ಕಡೆಯಿಂದ, ಸೋರ್ಸನ್ನು ಅನ್‌ಮೌಂಟ್ ಮಾಡಿ (ಸರ್ವರ್ ಬಳಸದಂತೆ ಬಿಡಿಸಿ), ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ. ಇದು ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು ಕೆಟ್ಟ ಜಾಗವನ್ನು ಹಾರಿಹೋಗುತ್ತದೆ, ಆಮೇಲೆ ಹಿಂದೆ ಬಂದು ಬಿಟ್ಟುಹೋದದ್ದನ್ನು ಚೂರು ಚೂರಾಗಿ ಕೆದಕುತ್ತದೆ. ಎಷ್ಟು ಆಗಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡುವುದು ಮರೆಯಬೇಡಿ. ನಡುವೆ ಕರೆಂಟ್ ಹೋದರೂ ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಆ ಮ್ಯಾಪ್ ಫೈಲನ್ನು ಸೋರ್ಸ್ ಮೇಲಾಗಲಿ ಟಾರ್ಗೆಟ್ ಮೇಲಾಗಲಿ ಇಡಬೇಡಿ, ಮೂರನೇ ಜಾಗದಲ್ಲಿಡಿ. ಮತ್ತೆ, ಯಾವುದು ಸೋರ್ಸ್, ಯಾವುದು ಟಾರ್ಗೆಟ್ ಅಂತ ಕಮಾಂಡ್ ಹಾಕುವ ಮುಂಚೆ ಸೀರಿಯಲ್ ನಂಬರ್ ನೋಡಿ ಖಚಿತಪಡಿಸಿಕೊಳ್ಳಿ. ಅದಲು ಬದಲಾದರೆ ಆಮೇಲೆ ಮಾತಾಡಲು ಏನೂ ಉಳಿದಿರುವುದಿಲ್ಲ.

ಲಿನಕ್ಸ್ ರೇಡ್‌ನಲ್ಲಿ ಮನೆಬಳಕೆ ಡಿಸ್ಕ್ ಹಾಕಿದವರಿಗೆ ಇನ್ನೊಂದು ಉಪದ್ರವ. ಕೆಟ್ಟ ಸೆಕ್ಟರ್ ಸಿಕ್ಕಾಗ ಇಂಥ ಡಿಸ್ಕ್ ಅದನ್ನೇ ಹಿಡಿದು ನಿಮಿಷಗಟ್ಟಲೆ ಒದ್ದಾಡಬಹುದು. ಕರ್ನಲ್ (ಲಿನಕ್ಸಿನ ತಿರುಳು) ಸಾಮಾನ್ಯವಾಗಿ ಕಾಯುವುದು 30 ಸೆಕೆಂಡ್. ಆಮೇಲೆ ಡಿಸ್ಕನ್ನೇ ರೀಸೆಟ್ ಮಾಡುತ್ತದೆ, ಆಗ ಅದು ರೇಡ್ ಗುಂಪಿನಿಂದ ಹೊರಗೆ ಬೀಳುವುದುಂಟು. ಡಿಸ್ಕಿಗೆ ಎರರ್ ರಿಕವರಿ ಮಿತಿ ಸೌಲಭ್ಯ ಇದ್ದರೆ ಸ್ಮಾರ್ಟ್‌ಸಿಟಿಎಲ್ (smartctl) ಕಮಾಂಡಿನ ಮೂಲಕ 7 ಸೆಕೆಂಡಿಗೆ ಕಟ್ಟಿಹಾಕಿ. ಇಲ್ಲದಿದ್ದರೆ ಕರ್ನಲ್ ಟೈಮ್‌ಔಟನ್ನೇ 180 ಸೆಕೆಂಡಿಗೆ ಏರಿಸಿ.

ಟಾರ್ಗೆಟ್ ಕಡೆಯದಾದರೆ

ಇದು ಅಷ್ಟು ಭಯದ ವಿಷಯವಲ್ಲ, ಡೇಟಾ ಸೋರ್ಸ್‌ನಲ್ಲಿ ಕ್ಷೇಮವಾಗಿದೆ. ಟಾರ್ಗೆಟ್ ಅಡಿಯ ಡಿಸ್ಕ್ ಕೆಟ್ಟಿದ್ದರೆ ಬದಲಾಯಿಸಿ, ಅಥವಾ ಬೇರೆ ಗುಂಪಿನಲ್ಲಿ ಹೊಸ ಟಾರ್ಗೆಟ್ ಮಾಡಿ.

ಕಾಪಿ ಶುರುವಾಗುವ ಮೊದಲೇ ಬಿದ್ದರೆ ಅಳತೆ ನೋಡಿ. ಟಾರ್ಗೆಟ್ ಸೋರ್ಸ್‌ನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು, ಒಂದು ಬ್ಲಾಕ್ ಕಡಿಮೆ ಇದ್ದರೂ ಒಪ್ಪುವುದಿಲ್ಲ. ಡಿಸ್ಕ್ ಮಾರುವವರ 1 ಟಿಬಿ ಎಷ್ಟೋ ಕಂಪ್ಯೂಟರುಗಳಲ್ಲಿ 931 ಜಿಬಿ ಅಂತ ಕಾಣುತ್ತದೆ, ಆದ್ದರಿಂದ ಜಿಬಿ ನೋಡದೆ ಬೈಟ್ ಲೆಕ್ಕದಲ್ಲಿ ಹೋಲಿಸಿ. ಒಂದು ಕಡೆ 512 ಬೈಟ್ ಸೆಕ್ಟರ್, ಇನ್ನೊಂದು ಕಡೆ 4096 ಬೈಟ್ ಇದ್ದರೂ ಎಷ್ಟೋ ಅರೇಗಳು ನಿರಾಕರಿಸುತ್ತವೆ.

ಹಿಂದಿನ ಕಾಪಿಯ ಟಾರ್ಗೆಟ್ಟೇ ಆಗಿದ್ದರೆ ಅದು ರೀಡ್-ಓನ್ಲಿ ಆಗಿ ಕೂತಿರುತ್ತದೆ. ಕಾಪಿ ಮುಗಿದ ಮೇಲೆ ಅರೇ ತಾನೇ ಹಾಗೆ ಮಾಡುತ್ತದೆ. ಟಾರ್ಗೆಟ್ ಯಾವುದಾದರೂ ಸರ್ವರಿಗೆ ಮೌಂಟ್ ಆಗಿದೆಯಾ ಅಂತಲೂ ನೋಡಿ. ಆಗಿದ್ದರೆ ಬಿಡಿಸಿ.

ಸ್ನ್ಯಾಪ್‌ಶಾಟ್ ತುಂಬಿಹೋದರೆ

ಆಫ್‌ಲೈನ್ ಕಾಪಿಯಲ್ಲಿ ಸೋರ್ಸ್ ಮೇಲೆ ಬರೆಯಲು ಬಿಡುವುದಿಲ್ಲ, ಅಂದರೆ ಆಫೀಸು ನಿಲ್ಲಬೇಕು. ಆನ್‌ಲೈನ್ ಕಾಪಿ ಮೊದಲು ಸ್ನ್ಯಾಪ್‌ಶಾಟ್ ತೆಗೆದು ಅದರಿಂದ ನಕಲು ಮಾಡುತ್ತದೆ, ಕೆಲಸ ಮುಂದುವರಿಯುತ್ತದೆ. ಆದರೆ ಕಾಪಿ ನಡೆಯುವಾಗ ಸೋರ್ಸ್ ಬದಲಾದಂತೆಲ್ಲ ಹಳೆಯ ಬ್ಲಾಕುಗಳು ಸ್ನ್ಯಾಪ್‌ಶಾಟಿಗೆ ಕೊಟ್ಟ ಜಾಗಕ್ಕೆ ಹೋಗುತ್ತವೆ. ಆ ಜಾಗ ತುಂಬಿದರೆ ಸ್ನ್ಯಾಪ್‌ಶಾಟ್ ಕೆಡುತ್ತದೆ, ಅದರ ಹಿಂದೆಯೇ ಕಾಪಿಯೂ ಬೀಳುತ್ತದೆ. ಲಿನಕ್ಸಿನಲ್ಲಿ ಡಿಸ್ಕ್ ಜಾಗ ಹಂಚುವ ಎಲ್‌ವಿಎಂನ ಸಾಮಾನ್ಯ ಸ್ನ್ಯಾಪ್‌ಶಾಟ್‌ನಲ್ಲೂ ಇದೇ ಕಥೆ, ನೂರು ಪರ್ಸೆಂಟ್ ತಲುಪಿದರೆ ಅದು ಕೆಲಸಕ್ಕೆ ಬಾರದು. ಡಿಸ್ಕುಗಳೆಲ್ಲ ಹಸಿರು, ಎಲ್ಲೂ ಮೀಡಿಯಂ ಎರರ್ ಇಲ್ಲ, ಆದರೂ ಕಾಪಿ ನಡುವೆ ಬಿತ್ತು ಅಂದರೆ ನನ್ನ ಅನುಮಾನ ಮೊದಲು ಹೋಗುವುದು ಇಲ್ಲಿಗೇ. ಜಾಗ ಹೆಚ್ಚಿಸಿ, ಇಲ್ಲವೇ ಬರೆಯುವ ಕೆಲಸ ಕಡಿಮೆ ಇರುವ ಹೊತ್ತಿಗೆ ಕಾಪಿ ಹಾಕಿ. ರಾತ್ರಿ ಎಂದರೆ ಕಡಿಮೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಬ್ಯಾಕಪ್, ಆಂಟಿವೈರಸ್, ಡೇಟಾಬೇಸ್ ಕ್ಲೀನಿಂಗ್ ಎಲ್ಲ ರಾತ್ರಿಯೇ ಏಳುವುದು.

ಕರೆಂಟು, ಬಿಸಿ, ದಾರಿ

ಏಪ್ರಿಲ್, ಮೇ ಬಂತೆಂದರೆ ಮಂಡ್ಯದಲ್ಲಿ ಹಗಲು ಸೆಖೆ, ಸಂಜೆ ಗುಡುಗು ಮಳೆ. ಸರ್ವರ್ ರೂಮ್ ಅನ್ನುವುದು ಬಹಳ ಕಡೆ ಮೆಟ್ಟಿಲ ಕೆಳಗಿನ ಸಣ್ಣ ಕೋಣೆ. ರಾತ್ರಿ ಹತ್ತಕ್ಕೆ ಎಸಿ ಆಫ್ ಮಾಡಿ ಬೀಗ ಹಾಕಿ ಹೋಗುತ್ತಾರೆ, ಕಾಪಿ ಒಳಗೆ ಬೇಯುತ್ತಾ ಓಡುತ್ತಿರುತ್ತದೆ. ಅರೇಯೊಳಗೆ ಹೋಗುವ ಗಾಳಿ ಸಾಮಾನ್ಯವಾಗಿ 35 ಡಿಗ್ರಿ ಮೀರಬಾರದು. ಲಾಗ್‌ನಲ್ಲಿ ತಾಪಮಾನದ ಎಚ್ಚರಿಕೆ ಕಾಪಿ ಬಿದ್ದ ಹೊತ್ತಿಗೇ ಇದ್ದರೆ ಡಿಸ್ಕ್ ಬದಲಾಯಿಸುವ ಮುಂಚೆ ಎಸಿ ಟೈಮರ್ ಬದಲಾಯಿಸಿ.

ಯುಪಿಎಸ್ ಇದೆ ಅಂದರೆ ಸಾಲದು, ಅರೇಯ ಎರಡು ಪವರ್ ಸಪ್ಲೈಗಳೂ ಅದಕ್ಕೆ ಸಿಕ್ಕಿಸಿವೆಯಾ ನೋಡಿ. ಒಂದು ಯುಪಿಎಸ್‌ಗೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ ಇರುವುದು ತಪ್ಪಲ್ಲ, ಆದರೆ ಯುಪಿಎಸ್ ಬ್ಯಾಟರಿ ಎರಡೇ ನಿಮಿಷ ಬಾಳಿದರೆ ಕರೆಂಟ್ ಹೋದಾಗ ಎರಡೂ ಹೋದಂತೆ. ಹೊರಗಿನ ಡಿಸ್ಕ್ ಪೆಟ್ಟಿಗೆ ಬೇರೆ ಇದ್ದರೆ ಅದರ ಪವರನ್ನೂ ನೋಡಿ. ಕಂಟ್ರೋಲರ್ ಬದುಕಿ ಪೆಟ್ಟಿಗೆ ಸತ್ತರೆ ಲಾಗ್‌ನಲ್ಲಿ ಹತ್ತಾರು ಡಿಸ್ಕ್ ಒಂದೇ ಕ್ಷಣದಲ್ಲಿ ಕಾಣೆಯಾದ ಹಾಗೆ ಬರುತ್ತದೆ. ಹತ್ತು ಡಿಸ್ಕ್ ಒಟ್ಟಿಗೆ ಸಾಯುವುದಿಲ್ಲ, ಕೇಬಲ್ಲೋ ಪವರೋ ಹೋಗಿದೆ.

ಎರಡು ಕಂಟ್ರೋಲರ್ ಇರುವ ಅರೇಯಲ್ಲಿ ಕಾಪಿ ನಡೆಯುವಾಗ ಸೋರ್ಸ್, ಟಾರ್ಗೆಟ್ ಎರಡೂ ಒಂದೇ ಕಂಟ್ರೋಲರ್ ಕೈಯಲ್ಲಿರುತ್ತವೆ. ಆಗ ವಾಲ್ಯೂಮ್ ತನ್ನ ಮೆಚ್ಚಿನ ದಾರಿಯಲ್ಲಿಲ್ಲ ಅಂತ ಎಚ್ಚರಿಕೆ ಬಂದರೆ ಗಾಬರಿಯಾಗಬೇಡಿ.

ಮತ್ತೆ ಹಾಕುವಾಗ

ಕಾರಣ ಸಿಕ್ಕಿ, ಸರಿಮಾಡಿ, ಸೋರ್ಸ್ ಆಪ್ಟಿಮಲ್ (ಎಲ್ಲ ಸರಿ ಇದೆ) ಅಂತ ತೋರಿಸಿದ ಮೇಲೆ ಮಾತ್ರ. ಫೇಲ್ ಆದಮೇಲೂ ಸೋರ್ಸ್ ಮೇಲೆ ಬರೆಯಲು ತಡೆ ಉಳಿದಿದೆಯಾ ಪರೀಕ್ಷಿಸಿ. ಉಳಿದಿದ್ದರೆ ಹಳೆಯ ಕಾಪಿ ಜೋಡಿಯನ್ನು ತೆಗೆದುಹಾಕಿ. ಜೋಡಿ ತೆಗೆಯುವುದೆಂದರೆ ಎರಡರ ನಡುವಿನ ಸಂಬಂಧ ಮಾತ್ರ ಹೋಗುತ್ತದೆ, ಡೇಟಾ ಅಲ್ಲೇ ಇರುತ್ತದೆ. ಬರೆದುಮುಗಿಸದ ಡೇಟಾ ಸರ್ವರ್ ಮೆಮೊರಿಯಲ್ಲಿ ಉಳಿಯದ ಹಾಗೆ ಡೇಟಾಬೇಸ್ ನಿಲ್ಲಿಸಿ, ಸೋರ್ಸ್ ಅನ್‌ಮೌಂಟ್ ಮಾಡಿ. ವಿಂಡೋಸ್ ಆದರೆ ಡ್ರೈವ್ ಲೆಟರ್ ತೆಗೆಯಿರಿ. ಪ್ರಯಾರಿಟಿ ಮಧ್ಯಮಕ್ಕಿಟ್ಟು ಶನಿವಾರ ಸಂಜೆ ಶುರುಮಾಡಿ. ದಸರಾ ರಜೆಗೆ ಹಾಕಿ ಊರಿಗೆ ಹೋಗುವ ಪ್ಲಾನ್ ಬೇಡ, ಮೊದಲ ಒಂದು ಗಂಟೆಯಾದರೂ ಯಾರಾದರೂ ಲಾಗ್ ನೋಡುತ್ತಿರಬೇಕು. ಹಿಂದೆ ಬಿದ್ದ ಪರ್ಸೆಂಟ್ ದಾಟುವ ಹೊತ್ತಿಗೆ ಇನ್ನೊಮ್ಮೆ.

ಮುಗಿಯಿತು ಅಂತ ಬಂದಮೇಲೂ ಕೆಲವರಿಗೆ ಟಾರ್ಗೆಟ್ ಕಾಣುವುದಿಲ್ಲ, ಅವರು ಕಾಪಿ ಮತ್ತೆ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಬ್ಲಾಕ್ ಬ್ಲಾಕ್ ನಕಲಾದ್ದರಿಂದ ಗುರುತಿನ ಸಂಖ್ಯೆಯೂ ನಕಲಾಗಿದೆ. ಒಂದೇ ಸರ್ವರಿಗೆ ಎರಡನ್ನೂ ತೋರಿಸಿದರೆ ವಿಂಡೋಸ್ ಎರಡನೇ ಡಿಸ್ಕನ್ನು ಆಫ್‌ಲೈನ್ ಇಡುತ್ತದೆ, ಲಿನಕ್ಸಿನ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಮೌಂಟ್ ಆಗಲು ಒಪ್ಪುವುದಿಲ್ಲ, ಎಲ್‌ವಿಎಂ ಎರಡು ಒಂದೇ ಥರ ಇವೆ ಅಂತ ದೂರುತ್ತದೆ. ಎಕ್ಸ್‌ಎಫ್‌ಎಸ್‌ಗೆ ನೋ-ಯುಯುಐಡಿ ಆಯ್ಕೆ ಕೊಡಿ, ಎಲ್‌ವಿಎಂಗೆ ವಿಜಿಇಂಪೋರ್ಟ್‌ಕ್ಲೋನ್ (vgimportclone) ಕಮಾಂಡ್ ಇದೆ. ಎಲ್ಲಕ್ಕಿಂತ ಸುಲಭ ಅಂದರೆ ಬೇರೆ ಸರ್ವರಿಗೆ ತೋರಿಸುವುದು. ಅಲ್ಲಿ ರೀಡ್-ಓನ್ಲಿಯಾಗಿಯೇ ಮೌಂಟ್ ಮಾಡಿ, ಹಳೆಯದೊಂದು, ಹೊಸದೊಂದು, ದೊಡ್ಡದೊಂದು ಫೈಲ್ ತೆರೆದು ನೋಡಿ. ಡಿಡಿರೆಸ್ಕ್ಯೂ ಬಳಸಿದ್ದರೆ ಫೈಲ್‌ಸಿಸ್ಟಮ್ ಪರೀಕ್ಷೆಯನ್ನು ಟಾರ್ಗೆಟ್ ಮೇಲೆ ಮಾತ್ರ ಓಡಿಸಿ, ಸೋರ್ಸ್ ಮೇಲೆ ಬೇಡ.

ಅದಾದ ಮೇಲೆ ಅರೇ ಸೆಟ್ಟಿಂಗ್‌ನಲ್ಲಿ ಮೀಡಿಯಾ ಸ್ಕ್ಯಾನ್ ಆನ್ ಇದೆಯಾ ನೋಡಿ. ಇದು ಹಿನ್ನೆಲೆಯಲ್ಲಿ ಎಲ್ಲ ಬ್ಲಾಕುಗಳನ್ನೂ ಓದುತ್ತಾ, ರೇಡ್ ಆರೋಗ್ಯವಾಗಿರುವಾಗಲೇ ಕೆಟ್ಟ ಸೆಕ್ಟರ್‌ಗಳನ್ನು ಹುಡುಕಿ ಸರಿಮಾಡುತ್ತದೆ. ಡೆಬಿಯನ್ (ಲಿನಕ್ಸಿನ ಒಂದು ಬಗೆ) ಸರ್ವರಿನಲ್ಲಿ ಲಿನಕ್ಸ್ ರೇಡ್ ಇದ್ದರೆ ಪ್ರತಿ ತಿಂಗಳ ಮೊದಲ ಭಾನುವಾರ ಈ ತಪಾಸಣೆ ತಾನಾಗಿಯೇ ನಡೆಯುತ್ತದೆ. ಆ ಹೊತ್ತಿಗೆ ಸರ್ವರ್ ಆಫ್ ಮಾಡುವ ಅಭ್ಯಾಸ ಇದ್ದರೆ ವಾರದ ಬೇರೆ ದಿನಕ್ಕೆ ಬದಲಾಯಿಸಿಕೊಳ್ಳಿ, ಮತ್ತು ವಾಲ್ಯೂಮ್ ಕಾಪಿ ಹಾಕುವ ರಾತ್ರಿಗೆ ಅದು ಬೀಳದ ಹಾಗೆ ನೋಡಿಕೊಳ್ಳಿ.